ಹನಿ ನಿಲ್ಲುವ ಡಿಗ್ರಿ

ಹುಬ್ಬಳ್ಳಿ ಪಿ.ಬಿ. ರಸ್ತೆಯ ಲಾರಿ ಮಂದಿ ನಮ್ಮ ಉಸ್ತಾದರ ಬಗ್ಗೆ ಒಂದು ಮಾತು ಹೇಳುತ್ತಿದ್ದರು. ಡೀಸೆಲ್ ಪಂಪಿನ ಟೈಮಿಂಗನ್ನು ಅವರು ಬರೀ ಕಿವಿಯಿಂದ ಇಡುತ್ತಾರಂತೆ. ಗುರುತು ನೋಡುವುದಿಲ್ಲ, ಪುಸ್ತಕ ತೆರೆಯುವುದಿಲ್ಲ. ಎಂಜಿನ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿ, ಪಂಪನ್ನು ಕೂದಲೆಳೆಯಷ್ಟು ಆಚೀಚೆ ಮಾಡಿ ಬೋಲ್ಟ್ ಬಿಗಿದರೆ ಮುಗಿಯಿತು, ಗಾಡಿ ಅರಬೈಲ್ ಘಟ್ಟವನ್ನು ಓಡಿಕೊಂಡು ಹತ್ತುತ್ತದಂತೆ. ಈ ಮಾತನ್ನು ದಾವಣಗೆರೆಯಿಂದ ಬಂದ ಡ್ರೈವರನ ಬಾಯಲ್ಲೂ ಕೇಳಿದ್ದೇನೆ, ಕಾರವಾರದವನ ಬಾಯಲ್ಲೂ ಕೇಳಿದ್ದೇನೆ.

ಅದು ಸುಳ್ಳು. ನಾನು ಅವರ ಕೈಕೆಳಗೆ ಇದ್ದಷ್ಟು ಕಾಲ ಉಸ್ತಾದರು ಒಂದೇ ಒಂದು ಗಾಡಿಗೂ ಕಿವಿಯಿಂದ ಟೈಮಿಂಗ್ ಇಟ್ಟದ್ದನ್ನು ಕಾಣೆ. ಬೆಳಗಿನ ನಮಾಜು ಮುಗಿಸಿ ನೇರ ಗ್ಯಾರೇಜಿಗೆ ಬರುತ್ತಿದ್ದರು. ಡ್ರೈವರ್ ಕ್ಯಾಬಿನ್ನಿನಲ್ಲೋ ಲಾರಿಯ ತಾಡಪತ್ರಿಯ ಮೇಲೋ ಮಲಗಿರುವಾಗಲೇ ನಾವಿಬ್ಬರೂ ಒಂದನೇ ಸಿಲಿಂಡರಿನ ಪೈಪು ಬಿಚ್ಚಿ, ಹನಿ ನೋಡಿ, ಡಿಗ್ರಿ ನೋಡಿ, ಎಲ್ಲ ಕೂಡಿಸಿ ಮುಗಿಸಿರುತ್ತಿದ್ದೆವು. ಆತ ಚಹಾ ಕುಡಿದು ಬರುವ ಹೊತ್ತಿಗೆ ಉಸ್ತಾದರು ಎಂಜಿನ್ ಚಾಲೂ ಮಾಡಿಸಿ, ತಲೆ ಒಂದು ಕಡೆ ವಾಲಿಸಿ, ಆಗಲೇ ಬಿಗಿದಿಟ್ಟ ಬೋಲ್ಟಿಗೆ ಪಾನಾ ಹಾಕಿ ಮತ್ತೊಮ್ಮೆ ಬಿಗಿದಂತೆ ಮಾಡುವರು. ಡ್ರೈವರನ ಮುಖ ಅರಳುವುದು. 'ಹಿಂಗ್ಯಾಕ್ರಿ ಉಸ್ತಾದ?' ಅಂತ ಒಮ್ಮೆ ಕೇಳಿದ್ದಕ್ಕೆ, 'ತಮ್ಮಾ, ಅವಗ ಘಟ್ಟ ಹತ್ತಾಕ ಧೈರ್ಯ ಬೇಕಲ್ಲ' ಅಂದರು. ಅವರು ತಾವಾಗಿ ಆ ಕತೆಯನ್ನು ಯಾರಿಗೂ ಹೇಳಲಿಲ್ಲ. ಯಾರಾದರೂ ಹೇಳಿದರೆ ಅಲ್ಲಗಳೆಯಲೂ ಇಲ್ಲ.

ನಾನು ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಓದಿ ಹೊರಬಿದ್ದದ್ದು 1980ರ ದಶಕದ ಕೊನೆಯಲ್ಲಿ. ಆಗ ರಸ್ತೆಯ ತುಂಬ ಟಾಟಾ 1210 ಗಾಡಿಗಳು, ನಡುವೆ ಲೇಲ್ಯಾಂಡ್ ಕಾಮೆಟ್‌ಗಳು. ಹಳೆಯ ಡ್ರೈವರುಗಳು ಟಾಟಾ ಲಾರಿಗೆ ಇನ್ನೂ 'ಬೆಂಜ್' ಅಂತಲೇ ಅನ್ನುತ್ತಿದ್ದರು. ಟಾಟಾದ ಟೆಲ್ಕೋ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ 1954ರಲ್ಲಿ ಕೈಗೂಡಿಸಿತ್ತು, ಆ ಒಪ್ಪಂದ 1969ರಲ್ಲಿ ಮುಗಿದಿತ್ತು. ಮುಂಭಾಗದ ಮೂರು ಮೊನೆಯ ನಕ್ಷತ್ರ ಹೋಗಿ ಎಷ್ಟೋ ವರ್ಷವಾಗಿದ್ದರೂ ಹೆಸರು ಮಾತ್ರ ಹೋಗಿರಲಿಲ್ಲ. ಎಂಜಿನ್ನಿಗೆ ಇಟ್ಟ ಅಂಕಿಯಲ್ಲೇ ಅದರ ಜಾತಕ ಇರುತ್ತಿತ್ತು. 692 ಅಂದರೆ ಆರು ಸಿಲಿಂಡರು, 92 ಮಿಲಿಮೀಟರ್ ಬೋರು. 697 ಅಂದರೆ ಅದೇ ಆರು, ಬೋರು 97. ನಾಲ್ಕು ಸಿಲಿಂಡರಿನದು 497. ಗಿರಾಕಿಗೆ ಪಿಸ್ಟನ್ ರಿಂಗು ತರಲು ಹೇಳಿ ಕಳಿಸುವಾಗ ಇದಿಷ್ಟು ಗೊತ್ತಿದ್ದರೆ ಸಾಕು, ಅಂಗಡಿಯವನು ತಪ್ಪು ಮಾಲು ಕಟ್ಟಲಾರ.

ಐಟಿಐನಲ್ಲಿ ನಮ್ಮ ಮೇಷ್ಟ್ರು ಟೈಮಿಂಗ್ ಪಾಠ ಮಾಡಿದ್ದರು, ಪರೀಕ್ಷೆಯಲ್ಲಿ ನಾನು ಬರೆದಿದ್ದೆ ಕೂಡ. ಆದರೂ ಅದು ಯಾಕೆ ಬೇಕು ಅನ್ನುವುದು ತಲೆಗೆ ಹೋದದ್ದು ಗ್ಯಾರೇಜಿನಲ್ಲಿ. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಇದೆ. ಡೀಸೆಲ್ಲಿಗೆ ಕಿಡಿಯೇ ಇಲ್ಲ. ಒಳಗೆಳೆದುಕೊಂಡ ಗಾಳಿಯನ್ನು ಪಿಸ್ಟನ್ ಹದಿನಾರು ಹದಿನೇಳು ಪಟ್ಟು ಅದುಮುತ್ತದೆ, ಅದು 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಆ ಬಿಸಿಗೆ ನಾಜಲ್ಲು ಡೀಸೆಲ್ಲನ್ನು ಮಂಜಿನಂತೆ ಸಿಡಿಸಬೇಕು, ಡೀಸೆಲ್ ತಾನೇ ಹೊತ್ತಿಕೊಳ್ಳಬೇಕು. ಹಾಗಾಗಿ ಡೀಸೆಲ್ ಯಾವಾಗ ಒಳಗೆ ಬೀಳುತ್ತದೆ ಅನ್ನುವುದೇ ಬೆಂಕಿಯ ಮುಹೂರ್ತ. ಅದನ್ನು ನಿಗದಿ ಮಾಡುವುದು ಪಂಪು.

ಬಿದ್ದ ಕೂಡಲೇ ಅದು ಹೊತ್ತುವುದೂ ಇಲ್ಲ. ಒಗ್ಗರಣೆಯ ಸೌಟಿಗೆ ಸಾಸಿವೆ ಹಾಕಿದಾಗ ಒಂದು ಕ್ಷಣ ಏನೂ ಆಗುವುದಿಲ್ಲವಲ್ಲ, ಅಂಥದೇ ಒಂದು ಬಿಡುವು ಇಲ್ಲಿಯೂ ಇದೆ. ಎಣ್ಣೆ ಚೆನ್ನಾಗಿ ಕಾದಿದ್ದರೆ ಬಿಡುವು ಚಿಕ್ಕದು, ಕಾಳು ಬಿದ್ದ ಹಾಗೆ ಚಟಚಟ ಸಿಡಿಯುತ್ತವೆ. ಕಾಯದ ಎಣ್ಣೆಗೆ ಹಾಕಿದರೆ ಅಷ್ಟೂ ಸಾಸಿವೆ ತಳದಲ್ಲಿ ಕಾದು ಕುಳಿತು ಒಮ್ಮೆಲೇ ಮುಖಕ್ಕೆ ಹಾರುತ್ತದೆ. ಟೈಮಿಂಗ್ ಅತಿ ಮುಂದಿದ್ದರೆ ಎಂಜಿನ್ನಿನಲ್ಲಿ ಆಗುವುದು ಇದೇ. ಗಾಳಿ ಇನ್ನೂ ಪೂರ್ತಿ ಅದುಮಿಕೊಂಡಿರುವುದಿಲ್ಲ, ಪೂರ್ತಿ ಕಾದಿರುವುದಿಲ್ಲ. ಆಗಲೇ ಡೀಸೆಲ್ ಬಂದು ಸೇರತೊಡಗುತ್ತದೆ, ಸೇರಿದ್ದೆಲ್ಲ ಒಟ್ಟಿಗೆ ಹತ್ತಿಕೊಂಡು ಇನ್ನೂ ಮೇಲೇರುತ್ತಿರುವ ಪಿಸ್ಟನ್ನಿನ ತಲೆಗೆ ಹೊಡೆಯುತ್ತದೆ. ಕಬ್ಬಿಣದ ಮೇಲೆ ಸುತ್ತಿಗೆ ಬಿದ್ದಂಥ ಆ ಸದ್ದಿಗೆ ನಾಕಿಂಗ್ ಅನ್ನುತ್ತೇವೆ.

ಆ ಬಿಡುವು ಸೆಕೆಂಡಿನ ಸಾವಿರದ ಒಂದೆರಡು ಪಾಲು. ಅದೇನು ಲೆಕ್ಕ ಅನಿಸಬಹುದು. ನಿಮಿಷಕ್ಕೆ 2400 ಸುತ್ತು ತಿರುಗುವ ಕ್ರ್ಯಾಂಕು ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ 14 ಡಿಗ್ರಿಗೂ ಮಿಕ್ಕಿ ತಿರುಗಿಬಿಡುತ್ತದೆ. ಅದಕ್ಕೇ ಪಿಸ್ಟನ್ ಮೇಲ್ತುದಿ ಮುಟ್ಟುವ ಎಷ್ಟೋ ಮೊದಲೇ ಪಂಪು ಡೀಸೆಲ್ ದೂಡಲು ಶುರು ಮಾಡಬೇಕು. ಎಂಜಿನ್ನಿಂದ ಎಂಜಿನ್ನಿಗೆ ಈ ಅಂಕಿ ಬೇರೆ. ನಾವು ರಿಪೇರಿ ಮಾಡುತ್ತಿದ್ದ ಹಳೆಯ ಲಾರಿಗಳಲ್ಲಿ ಹೆಚ್ಚಿನವು ಮೇಲ್ತುದಿಗೆ ಹದಿನೆಂಟರಿಂದ ಇಪ್ಪತ್ತಾರು ಡಿಗ್ರಿ ಮೊದಲು ಅನ್ನುವ ವ್ಯಾಪ್ತಿಯಲ್ಲಿ ಇರುತ್ತಿದ್ದವು. ತಡವಾದರೆ ಕೇಡು ಬೇರೆ ತರಹದ್ದು. ಪಿಸ್ಟನ್ ಆಗಲೇ ಕೆಳಗೆ ಓಡುತ್ತಿರುತ್ತದೆ, ಬೆಂಕಿ ಹಿಂದೆ ಬೀಳುತ್ತದೆ. ಸದ್ದು ಮೆತ್ತಗೆ, ಕೇಳಲು ಹಿತ. ಆದರೆ ಎಳೆತ ಇಲ್ಲ, ಬೆಳಗಿನ ಚಳಿಯಲ್ಲಿ ಕಣ್ಣುರಿಯುವ ಬಿಳಿ ಹೊಗೆ, ಲೋಡಿನಲ್ಲಿ ಕಪ್ಪು ಹೊಗೆ, ಸೈಲೆನ್ಸರ್ ಕೆಂಡ, ರೇಡಿಯೇಟರಿನಲ್ಲಿ ಕುದಿ, ಡೀಸೆಲ್ ಖರ್ಚು ಏರಿಕೆ.

ಹನಿ ನೋಡುವ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಈಗ ಅದನ್ನು ಮಾಡುವವರು ಕಡಿಮೆ.

ಮೊದಲು ಒಂದನೇ ಸಿಲಿಂಡರನ್ನು ಕಂಪ್ರೆಶನ್ನಿಗೆ ತರಬೇಕು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ, ಒಮ್ಮೆ ಗಾಳಿ ಅದುಮಲು, ಇನ್ನೊಮ್ಮೆ ಹೊಗೆ ಹೊರದೂಡಲು. ಪುಲ್ಲಿಯ ಮೇಲಿನ ಗುರುತು ಎರಡೂ ಸಲ ಮುಳ್ಳಿನೆದುರು ಬಂದು ನಿಲ್ಲುತ್ತದೆ, ಯಾವುದು ಯಾವುದೆಂದು ಅದು ಹೇಳುವುದಿಲ್ಲ. ಅದಕ್ಕೆ ಉಸ್ತಾದರು ಟ್ಯಾಪೆಟ್ ಕವರ್ ತೆಗೆಸಿ ನನ್ನನ್ನು ಮಡ್‌ಗಾರ್ಡಿನ ಮೇಲೆ ಹತ್ತಿಸುವರು. 'ಆರನೇದ್ದರ ವಾಲ್ ನೋಡ್ತಾ ಇರು. ಒಂದು ಮುಚ್ಚಕೋತ, ಇನ್ನೊಂದು ತೆರಕೋತ ಎರಡೂ ಒಮ್ಮೆ ಅಲುಗ್ಯಾಡಿದ್ವಂದ್ರ ಹೇಳು.' ಒಂದು ಮತ್ತು ಆರನೇ ಪಿಸ್ಟನ್ನುಗಳು ಜೋಡಿ, ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಆರನೆಯದರ ಎರಡು ವಾಲ್ವುಗಳು ಕೊಡು-ಕೊಳ್ಳುವ ಹೊತ್ತಿನಲ್ಲಿ ಇದ್ದರೆ ಒಂದನೆಯದು ಕಂಪ್ರೆಶನ್ನಿನ ತುದಿಯಲ್ಲಿದೆ ಎಂದರ್ಥ. ಕೆಳಗೆ ಉಸ್ತಾದರು ಟಾಮಿ ಹಾಕಿ ಫ್ಲೈವೀಲ್ ತಿರುಗಿಸುತ್ತಿದ್ದರೆ ಮೇಲೆ ನಾನು 'ಬಂತ್ರಿ... ಬಂತ್ರಿ... ನಿಂದ್ರಸ್ರಿ' ಅಂತ ಕೂಗುತ್ತಿದ್ದೆ.

ಆಮೇಲೆ ಪಂಪಿನ ಒಂದನೇ ಪೈಪು ಬಿಚ್ಚುವುದು. ಅದರ ಕೆಳಗಿನ ಡೆಲಿವರಿ ವಾಲ್ವಿನ ಹೋಲ್ಡರ್ ತೆಗೆದು, ಒಳಗಿನ ಸಣ್ಣ ವಾಲ್ವು ಮತ್ತು ಸ್ಪ್ರಿಂಗನ್ನು ಮೆಲ್ಲನೆ ಎತ್ತಿ ಶುದ್ಧ ಡೀಸೆಲ್ ತುಂಬಿದ ಬಟ್ಟಲಿಗೆ ಹಾಕಬೇಕು. ಇಲ್ಲಿ ಮಾತ್ರ ಉಸ್ತಾದರು ಕಠಿಣ. ಸೋಪು ಹಚ್ಚಿ ಕೈ ತೊಳೆಯದೆ ಮುಟ್ಟುವಂತಿಲ್ಲ, ವೇಸ್ಟ್ ದಾರದಲ್ಲಿ ಒರೆಸುವಂತಿಲ್ಲ. ಒಂದು ಎಳೆ ದಾರ ಒಳಗೆ ಹೋದರೂ ಡೀಸೆಲ್ ಎತ್ತಿ ದೂಡುವ ಪ್ಲಂಜರ್ ಹಿಡಿದುಕೊಳ್ಳುತ್ತದೆ. ಪ್ಲಂಜರಿಗೂ ಅದರ ಬ್ಯಾರೆಲ್ಲಿಗೂ ನಡುವಿನ ಸಂದು ಮಿಲಿಮೀಟರಿನ ಸಾವಿರದ ಎರಡು ಮೂರು ಪಾಲು. ಕಾರ್ಖಾನೆಯಲ್ಲಿ ಎರಡನ್ನೂ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ, ಒಂದರ ಪ್ಲಂಜರ್ ಇನ್ನೊಂದರ ಬ್ಯಾರೆಲ್ಲಿಗೆ ಹಾಕುವಂತಿಲ್ಲ.

ವಾಲ್ವು ತೆಗೆದ ಮೇಲೆ ಖಾಲಿ ಹೋಲ್ಡರನ್ನು ತಿರುಗಿ ಕೂಡಿಸಿ, ಅದಕ್ಕೆ ಬಗ್ಗಿಸಿದ ಒಂದು ಪೈಪ್ ತುಂಡು ಹಾಕುವುದು. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಕಟ್ಟಿ, ಎಂಜಿನ್ನನ್ನು ಮೇಲ್ತುದಿಯಿಂದ ಸಾಕಷ್ಟು ಹಿಂದಕ್ಕೆ ತಿರುಗಿಸಿಡಬೇಕು. ಕೈಪಂಪು ಒತ್ತುತ್ತಿದ್ದಂತೆ ಪೈಪಿನ ಬಾಯಿಂದ ಡೀಸೆಲ್ ಧಾರೆಯಾಗಿ ಸುರಿಯುತ್ತದೆ, ಯಾಕೆಂದರೆ ಪ್ಲಂಜರ್ ಕೆಳಗಿದೆ, ಬ್ಯಾರೆಲ್ಲಿನ ಕಿಂಡಿ ತೆರೆದಿದೆ. ಈಗ ಎಂಜಿನ್ನನ್ನು ಅದು ಓಡುವ ದಿಕ್ಕಿನಲ್ಲೇ ಇಷ್ಟಿಷ್ಟೇ ತಿರುಗಿಸಬೇಕು. ಪ್ಲಂಜರ್ ಏರುತ್ತ ಕಿಂಡಿಯನ್ನು ಮುಚ್ಚುತ್ತ ಬಂದ ಹಾಗೆ ಧಾರೆ ತೆಳ್ಳಗಾಗುತ್ತದೆ, ತುಂಡಾಗುತ್ತದೆ, ಹನಿಯಾಗುತ್ತದೆ. ಎರಡು ಹನಿಗಳ ನಡುವೆ ನಿಧಾನವಾಗಿ ಹತ್ತು ಎಣಿಸುವಷ್ಟು ಬಿಡುವು ಬಂದರೆ ಕಿಂಡಿ ಮುಚ್ಚಿತು ಎಂದು ಉಸ್ತಾದರ ಲೆಕ್ಕ. ಅಲ್ಲಿಂದ ಮುಂದೆ ಪ್ಲಂಜರ್ ಎತ್ತಿದ ಡೀಸೆಲ್ಲಿಗೆ ಹಿಂದೆ ಹೋಗಲು ದಾರಿಯಿಲ್ಲ, ನಾಜಲ್ಲಿನ ಕಡೆಗೇ ಹೋಗಬೇಕು. ಈ ಕ್ಷಣದಲ್ಲಿ ಫ್ಲೈವೀಲಿನ ಮೇಲೆ ಎಷ್ಟು ಡಿಗ್ರಿ ಕಾಣುತ್ತದೋ ಅದೇ ಆ ಗಾಡಿಯ ಟೈಮಿಂಗ್.

ಸರಿಯಿಲ್ಲದಿದ್ದರೆ ಪಂಪಿನ ಫ್ಲಾಂಜಿನ ಬೋಲ್ಟುಗಳನ್ನು ಸಡಿಲಿಸಬೇಕು. ಬೋಲ್ಟು ಕೂರುವ ತೂತುಗಳು ಕಮಾನಿನಂತೆ ಉದ್ದವಾಗಿರುತ್ತವೆ, ಪಂಪಿನ ಮೈಯನ್ನು ಅಷ್ಟು ದೂರ ತಿರುಗಿಸಬಹುದು. ಒಳಗಿನ ಕ್ಯಾಮ್ ತಿರುಗುವ ದಿಕ್ಕಿಗೆ ಎದುರಾಗಿ ಮೈ ತಿರುಗಿಸಿದರೆ ಟೈಮಿಂಗ್ ಮುಂದೆ, ಅಂದರೆ ಅಡ್ವಾನ್ಸ್; ಅದೇ ದಿಕ್ಕಿಗೆ ತಿರುಗಿಸಿದರೆ ಹಿಂದೆ, ಅಂದರೆ ರಿಟಾರ್ಡ್. ಕಪ್ಲಿಂಗ್ ಇರುವ ಗಾಡಿಗಳಲ್ಲಿ ಪಂಪು ಕದಲುವುದಿಲ್ಲ, ಕಪ್ಲಿಂಗನ್ನೇ ಸರಿಸಬೇಕು. ಹೊಸಬರು ಎಡವುವುದು ಎರಡು ಕಡೆ. ಪಂಪು ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುತ್ತದೆ, ಹೀಗಾಗಿ ಪಂಪಿನಲ್ಲಿ ಒಂದು ಡಿಗ್ರಿ ಸರಿಸಿದರೆ ಕ್ರ್ಯಾಂಕಿನಲ್ಲಿ ಎರಡು. ಎರಡನೆಯದು ಗೇರಿನ ಹಲ್ಲುಗಳ ನಡುವಿನ ಸಡಿಲ. ಗುರುತು ದಾಟಿಹೋದಾಗ ಅಲ್ಲಿಂದಲೇ ಚೂರು ಹಿಂದೆ ತಂದರೆ ಲೆಕ್ಕ ಸುಳ್ಳಾಗುತ್ತದೆ. ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದಕ್ಕೇ ಬರಬೇಕು. ಬೋಲ್ಟು ಬಿಗಿದ ಮೇಲೆಯೂ ಇನ್ನೊಮ್ಮೆ ಹನಿ ನೋಡಬೇಕು, ಬಿಗಿಯುವಾಗ ಪಂಪು ಕದಲುವುದುಂಟು. ನನಗೆ ಇದರಲ್ಲಿ ಬೇಸರ ಬರುತ್ತಿತ್ತು. ಉಸ್ತಾದರಿಗೆ ಬರುತ್ತಿರಲಿಲ್ಲ.

ಹಾಗಾದರೆ ಅವರ ಕಿವಿಗೆ ಕೆಲಸವೇ ಇರಲಿಲ್ಲವೇ ಎಂದರೆ, ಬೇಕಾದಷ್ಟಿತ್ತು. ಓಡುತ್ತಿರುವ ಎಂಜಿನ್ನಿನಲ್ಲಿ ಒಂದೊಂದೇ ನಾಜಲ್ ಪೈಪಿನ ನಟ್ಟನ್ನು ಸಡಿಲಿಸುತ್ತ ಹೋಗುವರು. ಸಡಿಲಿಸಿದ ಸಿಲಿಂಡರಿಗೆ ಡೀಸೆಲ್ ಹೋಗುವುದಿಲ್ಲ. ಮೂರನೆಯದನ್ನು ಸಡಿಲಿಸಿದಾಗ ಬಡಿತ ನಿಂತರೆ ರೋಗ ಮೂರನೆಯದರಲ್ಲೇ ಇದೆ, ಬಹುಮಟ್ಟಿಗೆ ನಾಜಲ್ಲು ಸೋರುತ್ತಿದೆ. ಸೋರುವ ನಾಜಲ್ಲಿನ ಸದ್ದೂ ಅಡ್ವಾನ್ಸ್ ಆದ ಟೈಮಿಂಗಿನ ಸದ್ದೂ ಕಿವಿಗೆ ಒಂದೇ. ತಣ್ಣನೆಯ ಎಂಜಿನ್ ಹೇಗೂ ಬಡಿಯುತ್ತದೆ, ಕಾದ ಮೇಲೆ ಸುಮ್ಮನಾಗುತ್ತದೆ. ಸವೆದ ಬೋರಿನಲ್ಲಿ ಪಿಸ್ಟನ್ ಓಲಾಡುವ ಸದ್ದು ಇನ್ನೊಂದು. ಇಷ್ಟೆಲ್ಲ ಸದ್ದಿನ ನಡುವೆ ಎರಡು ಡಿಗ್ರಿ ಹೆಚ್ಚೋ ಕಡಿಮೆಯೋ ಎಂದು ಕಿವಿ ತೀರ್ಪು ಕೊಡುತ್ತದೆ ಅಂದರೆ ನಾನು ನಂಬುವುದಿಲ್ಲ. ಅದರ ಮೇಲೆ ಕಿವಿಗೆ ಒಂದು ಚಪಲವಿದೆ: ಚುರುಕು ಸದ್ದನ್ನು ಅದು ಶಕ್ತಿ ಎಂದುಕೊಳ್ಳುತ್ತದೆ. ಡ್ರೈವರನ ಕಿವಿಗಂತೂ ಆ ಚಪಲ ವಿಪರೀತ. ಕಿವಿಯಿಂದ ಇಟ್ಟ ಟೈಮಿಂಗು ಯಾವಾಗಲೂ ಮುಂದಕ್ಕೇ ಜಾರಿರುತ್ತದೆ, ಹಿಂದಕ್ಕೆ ಜಾರಿದ್ದನ್ನು ನಾನು ನೋಡಿಲ್ಲ.

ಟೈಮಿಂಗ್ ನೋಡಿ ಅಂತ ಬಂದ ಗಾಡಿಗೆ ಉಸ್ತಾದರು ಕಟ್ಟಕಡೆಗೆ ನೋಡುತ್ತಿದ್ದುದು ಟೈಮಿಂಗನ್ನು. ಮೊದಲು ಏರ್ ಫಿಲ್ಟರ್. ಆಗಿನವು ಎಣ್ಣೆ ತುಂಬಿದ ಫಿಲ್ಟರುಗಳು. ಹೊಸಪೇಟೆ-ಸಂಡೂರು ಕಡೆ ಅದಿರು ಹೊತ್ತ ಗಾಡಿಗಳಲ್ಲಿ ಆ ಎಣ್ಣೆ ಕೆಂಪು ರಾಡಿಯಾಗಿ ಗಟ್ಟಿಯಾಗಿರುತ್ತಿತ್ತು. ಆಮೇಲೆ ಡೀಸೆಲ್ ಫಿಲ್ಟರ್, ಟ್ಯಾಪೆಟ್ ಸಂದು, ನಾಜಲ್ಲಿನ ಒತ್ತಡ. ಎಷ್ಟೋ ಗಾಡಿ ಅಷ್ಟರಲ್ಲೇ ಸರಿಹೋಗಿ ಹೋಗುತ್ತಿದ್ದವು. 'ನಿನ್ನಿ ತನಕ ಸರಿ ಇದ್ದ ಟೈಮಿಂಗು ರಾತ್ರಿ ಎದ್ದ ನಡದು ಹೋಗೂದಿಲ್ಲಪಾ. ಪಂಪು ಯಾರರೆ ಮುಟ್ಟ್ಯಾರೇನು ಕೇಳು ಮೊದಲ.' ಪಂಪು ಬಿಚ್ಚಿ ರಿಪೇರಿಯಾಗಿ ಬಂದಿದ್ದರೆ, ಗೇರು ಬದಲಾಗಿದ್ದರೆ, ಕಪ್ಲಿಂಗಿನ ಬೋಲ್ಟು ಸಡಿಲವಾಗಿದ್ದರೆ ಮಾತ್ರ ನನ್ನನ್ನು ಮಡ್‌ಗಾರ್ಡ್ ಹತ್ತಿಸುತ್ತಿದ್ದರು.

ಒಂದು ಬೇಸಿಗೆಯಲ್ಲಿ ಬಂದ ಉಪ್ಪಿನ ಲಾರಿ ಹಾಗೆ ಹತ್ತಿಸಿದ್ದು. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪನ್ನು ಹುಬ್ಬಳ್ಳಿಗೆ ತರುತ್ತಿದ್ದ 1210 ಗಾಡಿ. ಅಂಕೋಲಾ ಬಿಟ್ಟ ಮೇಲೆ ಯಲ್ಲಾಪುರಕ್ಕೆ ಮೊದಲು ಅರಬೈಲ್ ಘಟ್ಟ. ಅದಿರಿನ ಗಾಡಿಗಳು ಆ ಘಟ್ಟವನ್ನು ತುಂಬಿಕೊಂಡು ಇಳಿದು ಖಾಲಿ ಹತ್ತುತ್ತಿದ್ದವು, ಉಪ್ಪಿನ ಗಾಡಿಯ ಹಣೆಬರಹ ಉಲ್ಟಾ. ಡ್ರೈವರ್ ಐವತ್ತರ ಆಸುಪಾಸಿನವರು, ಎಲ್ಲರಿಗೂ ಕಾಕಾ. ದೂರು ಏನೆಂದರೆ ಘಟ್ಟದಲ್ಲಿ ಎಂಜಿನ್ ಟಣಟಣ ಬಡಿಯುತ್ತದೆ, ಹೆಡ್ ಗ್ಯಾಸ್ಕೆಟ್ ಮೇಲೆ ಮೇಲೆ ಹೋಗುತ್ತದೆ, ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಒದೆಯುತ್ತದೆ. ಗಾಡಿಯ ಸಾವ್ಕಾರರಿಗೆ ಖರ್ಚಿನ ಚಿಂತೆ, ಕಾಕಾನಿಗೆ ಚಿಂತೆಯೇ ಇಲ್ಲ. 'ಎಳೆತ ಮಾತ್ರ ಕೇಳಬ್ಯಾಡ್ರಿ, ಕುದುರಿ ಕುದುರಿ' ಅನ್ನುತ್ತಿದ್ದರು. ಬೇರೆ ಊರಿನ ಒಂದು ಗ್ಯಾರೇಜಿನಲ್ಲಿ ಪಂಪನ್ನು ಮುಂದೆ ಇಡಿಸಿಕೊಂಡದ್ದು ಅವರೇ.

ಉಸ್ತಾದರು ಹನಿ ನೋಡಿದರು. ಪುಸ್ತಕ ಹೇಳಿದ್ದಕ್ಕಿಂತ ಗುರುತು ಎಷ್ಟೋ ಮುಂದಿತ್ತು. ಹೆಡ್ ಬಿಚ್ಚಿದಾಗ ಎರಡು ಪಿಸ್ಟನ್ನುಗಳ ತಲೆ ಕಚ್ಚಿದಂತೆ ಚೂರುಚೂರು ಹಾರಿತ್ತು, ಒಂದರ ರಿಂಗು ಕೂರುವ ಅಂಚು ಒಡೆದಿತ್ತು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಬೇರಿಂಗುಗಳ ಸರದಿ. ಕಾಕಾನನ್ನು ಕರೆದು ತೋರಿಸಿ ಉಸ್ತಾದರು ಕೇಳಿದ್ದು ಒಂದೇ ಪ್ರಶ್ನೆ:

'ಆ ಕಡೀ ತಿರುವಿನಾಗ ಯಾ ಗೇರಿನ್ಯಾಗ ಹತ್ತಸ್ತೀರಿ ಕಾಕಾ?'

'ಮೂರರಾಗ. ಎರಡಕ್ಕ ಇಳಸೂ ಮಾತ ಇಲ್ಲ.'

ಕಾಕಾ ಅದನ್ನು ಹೆಮ್ಮೆಯಿಂದ ಹೇಳಿದರು, ಉಸ್ತಾದರು ಕೈ ಒರೆಸಿಕೊಂಡರು. ವಿಷಯ ಇಷ್ಟೇ. ಎಂಜಿನ್ ಜೋರಾಗಿ ತಿರುಗುತ್ತಿರುವಾಗ ಆ ಹೊತ್ತುವ ಬಿಡುವು ಹೆಚ್ಚು ಡಿಗ್ರಿಗಳನ್ನು ನುಂಗುತ್ತದೆ, ಅಲ್ಲಿ ಅಡ್ವಾನ್ಸ್ ಬೇಕು. ಹಳೆಯ ಎಷ್ಟೋ ಪಂಪುಗಳಿಗೆ ವೇಗ ಏರಿದಂತೆ ಟೈಮಿಂಗನ್ನು ತಾನೇ ಮುಂದೂಡುವ ತೂಕದ ಗುಂಡುಗಳ ಒಂದು ಸಾಧನ ಇರುವುದು ಇದಕ್ಕೇ. ಎಂಜಿನ್ ನಿಧಾನಕ್ಕೆ ಬಿದ್ದಾಗ ಅಷ್ಟು ಮುಂದೆ ಬೇಕಾಗಿಲ್ಲ. ಪಂಪನ್ನೇ ಮುಂದಿಟ್ಟುಬಿಟ್ಟರೆ ಹುಬ್ಬಳ್ಳಿ ಅಂಚಿನ ಗಬ್ಬೂರಿನ ಆಚೆ ಸಪಾಟು ರಸ್ತೆಯಲ್ಲಿ ಗಾಡಿ ನಿಜವಾಗಿಯೂ ಚುರುಕಾಗಿ ಓಡುತ್ತದೆ. ಆದರೆ ಘಟ್ಟದಲ್ಲಿ ಗೇರು ಇಳಿಸದೆ ಎಂಜಿನ್ನನ್ನು ಉಬ್ಬಸಕ್ಕೆ ತಂದರೆ ಪ್ರತಿ ಸುತ್ತಿಗೂ ಪಿಸ್ಟನ್ನಿಗೆ ಏಟು. ಕಾಕಾ ಎಳೆತ ಸಂಪಾದಿಸಿದ್ದು ಬೇಡದ ಜಾಗದಲ್ಲಿ. ಬೇಕಾದ ಜಾಗದಲ್ಲಿ ಕಳೆದುಕೊಂಡಿದ್ದರು. ನಾನು ಇದನ್ನು ಸಾವ್ಕಾರರಿಗೆ ಕಾಗದದ ಮೇಲೆ ಬರೆದು ತೋರಿಸಿದೆ, ಐಟಿಐ ಓದಿದ ಹುಮ್ಮಸ್ಸು. ಅವರು ಕಾಗದ ನೋಡದೆ ಎಷ್ಟು ರೊಕ್ಕ ಎಂದು ಕೇಳಿದರು.

ಟೈಮಿಂಗ್ ಪುಸ್ತಕದ ಅಂಕಿಗೆ ಬಂತು. ಕಾಕಾ ಎಂಜಿನ್ ಚಾಲೂ ಮಾಡಿ ಮುಖ ಕಿವುಚಿದರು. ಅವರ ಕಿವಿಗೆ ಅದು ಸತ್ತ ಗಾಡಿ.

ಅದೇ ಕಾಕಾನ ಬಾಯಲ್ಲಿ ಕೇಳಿದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳದೆ ಹೋಗಲಾರೆ. ಆಗಿನ ಹಲವು ಗಾಡಿಗಳ ಪಂಪಿಗೆ ವೇಗವನ್ನು ಹಿಡಿತದಲ್ಲಿಡಲು ಗಾಳಿಯ ಸೆಳೆತದಿಂದ ನಡೆಯುವ ಗವರ್ನರ್ ಇತ್ತು, ಒಳಗೆ ಚರ್ಮದ ಒಂದು ಪರದೆ. ಎಂಜಿನ್ ಗಾಳಿ ಒಳಗೆಳೆಯುವ ಸೆಳೆತ ಹೆಚ್ಚಾದರೆ ಪರದೆ ಡೀಸೆಲ್ ಕಡಿಮೆ ಮಾಡುತ್ತದೆ. ಘಟ್ಟ ಹತ್ತುತ್ತ ಎಂಜಿನ್ ಬಂದ್ ಬಿದ್ದು, ಗಾಡಿ ಗೇರಿನಲ್ಲೇ ಹಿಂದಕ್ಕೆ ಜಾರಿದರೆ ಎಂಜಿನ್ ಉಲ್ಟಾ ತಿರುಗಿ ಚಾಲೂ ಆಗಿಬಿಡುವುದುಂಟು. ಪಂಪಿನ ಕ್ಯಾಮ್ ಹಿಂದುಮುಂದಾಗಿ ತಿರುಗಿದರೂ ಪ್ಲಂಜರನ್ನು ಎತ್ತಿಯೇ ಎತ್ತುತ್ತದೆ. ಆಗ ಹೊಗೆ ಹೊರಡುವುದು ಏರ್ ಫಿಲ್ಟರಿನಿಂದ, ಗಾಳಿ ಹೋಗುವುದು ಸೈಲೆನ್ಸರಿನಿಂದ. ಗವರ್ನರಿಗೆ ಸೆಳೆತವೇ ಸಿಗುವುದಿಲ್ಲ, ಡೀಸೆಲ್ ಪೂರ್ತಿ ತೆರೆದಿರುತ್ತದೆ, ಆಯಿಲ್ ಪಂಪೂ ಉಲ್ಟಾ ತಿರುಗಿ ಆಯಿಲ್ ಮೇಲೇರುವುದಿಲ್ಲ. ಕಾಕಾನಿಗೆ ಅದು ಆದದ್ದು ರಾತ್ರಿಯಲ್ಲಿ. ಬಾನೆಟ್ಟಿನಿಂದ ಹೊಗೆ ಬಂದದ್ದನ್ನು ಕಂಡು ಕ್ಲೀನರ್ ದೆವ್ವ ಹೊಕ್ಕಿತೆಂದು ಕಾಡಿಗೆ ಓಡಿದನಂತೆ. ಕಾಕಾ ಬ್ರೇಕಿನ ಮೇಲೆ ನಿಂತು, ದೊಡ್ಡ ಗೇರು ಹಾಕಿ ಕ್ಲಚ್ ಬಿಟ್ಟು ಎಂಜಿನ್ನಿನ ಉಸಿರು ಕಟ್ಟಿಸಿದರು. ಅಂಥ ಹೊತ್ತಿನಲ್ಲಿ ಅದು ತಲೆಗೆ ಹೊಳೆಯಬೇಕಾದರೆ ಮನುಷ್ಯ ನಿಜವಾದ ಡ್ರೈವರನೇ ಆಗಿರಬೇಕು. ಟೈಮಿಂಗ್ ವಿಷಯದಲ್ಲಿ ನಾನು ಅವರನ್ನು ಒಪ್ಪದಿದ್ದರೂ ಅವರ ಗಾಡಿಯಲ್ಲಿ ಕೂತು ಘಟ್ಟ ಇಳಿಯಲು ನನಗೆ ಎಂದೂ ಅಂಜಿಕೆಯಾಗಲಿಲ್ಲ.

ನಾವು ಪಂಪಿನ ಹೊರಮೈಯವರು. ಒಳಗಿನ ಕೆಲಸ ಪಂಪ್ ರೂಮಿನವರದು. ಅಲ್ಲಿ ಧೂಳಿಲ್ಲ, ಬಾಗಿಲು ಸದಾ ಮುಚ್ಚಿರುತ್ತದೆ, ನಮ್ಮಂಥ ಗ್ರೀಸು ಮೆತ್ತಿದವರಿಗೆ ಹೊಸ್ತಿಲೇ ಗಡಿ. ಟೆಸ್ಟ್ ಬೆಂಚಿನ ಮೇಲೆ ಪಂಪು ತಿರುಗುತ್ತಿದ್ದರೆ ಆರು ಗಾಜಿನ ಅಳತೆ ಕೊಳವೆಗಳಲ್ಲಿ ಎಣ್ಣೆ ಒಂದೇ ಮಟ್ಟಕ್ಕೆ ಏರಬೇಕು. ಆರು ಪ್ಲಂಜರುಗಳು ಪಂಪಿನ 60-60 ಡಿಗ್ರಿಗೆ ಒಂದರ ಹಿಂದೊಂದು ಏಳಬೇಕು, 1-5-3-6-2-4ರ ಸರದಿಯಲ್ಲಿ. ನಾವು ಹನಿ ನೋಡುವುದು ಒಂದನೆಯದಕ್ಕೆ ಮಾತ್ರ. ಉಳಿದ ಐದೂ ಅದರ ಹಿಂದೆ ಸರಿಯಾಗಿ ಬರುತ್ತವೆ ಎಂಬುದು ಪಂಪ್ ರೂಮಿನವರ ಮೇಲಿನ ನಂಬಿಕೆ. ಎಲ್ಲ ಕೂಡಿಸಿ ಅವರು ತಂತಿ ಪೋಣಿಸಿ ಸೀಸದ ಸೀಲು ಒತ್ತಿ ಕೊಡುತ್ತಿದ್ದರು. ರಸ್ತೆಯಲ್ಲಿ ನೋಡಿದ ಗಾಡಿಗಳಲ್ಲಿ ಆ ಸೀಲು ಉಳಿದಿದ್ದು ಅಪರೂಪ.

ಪಂಪಿನ ಮೈಮೇಲಿನ ತಗಡಿನಲ್ಲಿ 'ಮೈಕೋ, ಬೆಂಗಳೂರು' ಅಂತ ಇರುತ್ತಿತ್ತು. ದೇಶದ ಯಾವ ಮೂಲೆಯ ಲಾರಿಯ ಬಾನೆಟ್ ಎತ್ತಿದರೂ ಮೈಕೋ ಕಾರ್ಖಾನೆಯಿರುವ ನಮ್ಮ ಆಡುಗೋಡಿಯೇ ಕಾಣುತ್ತದಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು. ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು 1890ರ ದಶಕದಲ್ಲಿ ಓಡಿಸಿದಾಗ ಎಣ್ಣೆಯನ್ನು ಒಳಗೆ ಊದಲು ದೊಡ್ಡ ಗಾಳಿ ಕಂಪ್ರೆಸರ್ ಬೇಕಿತ್ತು, ಅದನ್ನು ಹೊತ್ತು ಲಾರಿ ಓಡಲು ಸಾಧ್ಯವೇ ಇರಲಿಲ್ಲ. ಕೈಯಲ್ಲಿ ಎತ್ತಬಹುದಾದ ಪಂಪು ಬಂದದ್ದು ರಾಬರ್ಟ್ ಬಾಷ್ ಕಂಪನಿ 1927ರಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಹಿಡಿದ ಮೇಲೆ. ಡೀಸೆಲ್ ಲಾರಿಯ ಕಾಲ ಶುರುವಾದದ್ದು ಅಲ್ಲಿಂದ. ಅದೇ ಬಾಷ್‌ನ ಕೈ ಹಿಡಿದು 1951ರಲ್ಲಿ ಹುಟ್ಟಿದ್ದು ಮೈಕೋ. 2008ರಲ್ಲಿ ಹೆಸರೂ ಬಾಷ್ ಆಯಿತು. ಮೈಕೋ ಲೇಔಟ್ ಎಂಬ ಬಡಾವಣೆಯಲ್ಲಿ ಮನೆ ಮಾಡಿರುವ ಕಂಪ್ಯೂಟರ್ ಹುಡುಗರಿಗೆ ಆ ಹೆಸರು ಎಲ್ಲಿಂದ ಬಂತೆಂದು ಕೇಳಿದರೆ ಹೆಚ್ಚಿನವರು ಗೂಗಲ್ ತೆಗೆಯುತ್ತಾರೆ.

2000ನೇ ಇಸವಿಯ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾಗತೊಡಗಿದವು. ತಡವಾಗಿ ಹೊತ್ತಿದರೆ ಒಳಗಿನ ಉರಿ ತಗ್ಗಿ ನೈಟ್ರೋಜನ್ ಆಕ್ಸೈಡು ಕಡಿಮೆಯಾಗುತ್ತದೆ ಎಂದು ಕಂಪನಿಗಳು ಟೈಮಿಂಗನ್ನು ಹಿಂದಕ್ಕೆ ಸರಿಸಿದವು, ಹೋದ ಎಳೆತವನ್ನು ಟರ್ಬೊ ಹಾಕಿ, ನಾಜಲ್ಲಿನ ಒತ್ತಡ ಏರಿಸಿ ತುಂಬಿಕೊಂಡವು. ಡ್ರೈವರುಗಳು ಹೊಸ ಗಾಡಿಯನ್ನು ನೇರ ಗ್ಯಾರೇಜಿಗೆ ತಂದು, 'ಹಳೇ ಗಾಡಿ ಹಂಗ ಇಡ್ರಿ' ಎಂದರು. ಕೆಲವರು ಇಟ್ಟುಕೊಟ್ಟರು. ಉಸ್ತಾದರು ಇಡಲಿಲ್ಲ, ಗಿರಾಕಿ ಕಡಿಮೆಯಾದರು. ಆಮೇಲೆ ಕಾಮನ್ ರೇಲ್ ಬಂತು, ಸರಿಸಲು ಬೋಲ್ಟೇ ಇಲ್ಲದ ಪಂಪು. ನಾಜಲ್ಲು ಯಾವಾಗ ಬಾಯಿ ತೆರೆಯಬೇಕೆಂದು ಕಂಪ್ಯೂಟರು ಪ್ರತಿ ಸುತ್ತಿಗೂ ಹೊಸದಾಗಿ ಲೆಕ್ಕ ಹಾಕುತ್ತದೆ, ವೇಗ, ಲೋಡು, ನೀರಿನ ಬಿಸಿ ಎಲ್ಲ ನೋಡಿ. ಒಂದೇ ಸಲಕ್ಕೆ ಪೂರ್ತಿ ಸಿಡಿಸುವುದೂ ಇಲ್ಲ; ಮೊದಲು ಚೂರು ಡೀಸೆಲ್ ಚೆಲ್ಲಿ ಅದು ಹೊತ್ತಿದ ಮೇಲೆ ಉಳಿದದ್ದನ್ನು ಬಿಡುತ್ತದೆ. ಹೊಸ ಲಾರಿಗಳು ಹಳೆಯವುಗಳಂತೆ ಬಡಿಯದಿರುವುದು ಇದರಿಂದ. ನಾವು ಒಂದೇ ಅಂಕಿಗೆ ಒಪ್ಪಿಸಿ ಕೂಡಿಸುತ್ತಿದ್ದುದು ಇಲ್ಲಿ ಕ್ಷಣಕ್ಷಣಕ್ಕೂ ಬದಲಾಗುವ ಅಂಕಿ. ಎಂಜಿನಿಯರಿಂಗ್ ಅಂದರೆ ಇದೇ ಸರಿ ಎಂದು ನನ್ನ ಬುದ್ಧಿ ಹೇಳುತ್ತದೆ, ಹಳೆಯದೇ ಚೆಂದವಿತ್ತು ಎನ್ನುವವರ ಸಾಲಿಗೆ ನಾನು ಸೇರುವುದಿಲ್ಲ. ಆದರೆ ರಸ್ತೆಯಲ್ಲಿ ಕೆಟ್ಟು ನಿಂತರೆ ಲ್ಯಾಪ್‌ಟಾಪ್ ಬರುವ ತನಕ ಕಾಯಬೇಕಲ್ಲ ಎಂಬ ಡ್ರೈವರನ ಸಿಟ್ಟೂ ಸರಿಯೇ.

ಈಚೆಗೆ ಯಲ್ಲಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಕಾಕಾ ಸಿಕ್ಕರು. ಎಂಬತ್ತು ದಾಟಿದೆ, ಕೋಲು ಹಿಡಿದಿದ್ದಾರೆ, ದನಿ ಮಾತ್ರ ಕ್ಯಾಬಿನ್ನಿನಿಂದ ಕೂಗಿದಂತೆಯೇ. ಚಹಾ ಕುಡಿಯುತ್ತ ಅವರೇ ತೆಗೆದರು. ಆ ಉಪ್ಪಿನ ಗಾಡಿ ಮೊದಲಿದ್ದಂತೆ ಇದ್ದಿದ್ದರೆ ಇನ್ನೂ ಓಡುತ್ತಿತ್ತಂತೆ. ಪಿಸ್ಟನ್ನಿನ ತಲೆ ಹಾರಿದ್ದನ್ನು ನೆನಪಿಸಿದೆ. ಅದು ಪಿಸ್ಟನ್ ಕಂಪನಿಯ ತಪ್ಪೆಂದರು. ತಿರುವಿನಲ್ಲಿ ಎರಡನೇ ಗೇರಿಗೆ ಇಳಿಸಿದ್ದರೆ ಏನೂ ಆಗುತ್ತಿರಲಿಲ್ಲ ಎಂದೆ. ಎರಡನೇ ಗೇರಿನಲ್ಲಿ ಅರಬೈಲ್ ಹತ್ತುವವನು ಡ್ರೈವರನೇ ಅಲ್ಲ ಎಂದರು. ಈಗ ಮಗ ಬಿಎಸ್ 6 ಲಾರಿ ತೆಗೆದುಕೊಂಡಿದ್ದಾನೆ, ಯೂರಿಯಾ ನೀರು ಖಾಲಿಯಾದರೆ ಎಳೆತವೇ ಕಡಿಮೆ ಮಾಡಿಬಿಡುತ್ತದಂತೆ, ಅದೇನು ಗಾಡಿ ಎಂದು ಬೈದರು.

'ತಮ್ಮಾ, ಆ ಕಂಪ್ಯೂಟರಿನ್ಯಾಗ ಟೈಮಿಂಗ್ ಇರತೈತೇನು?'

'ಇರತೈತ್ರಿ.'

'ಅದನ್ನ ಮುಂದ ಸರಸಾಕ ಬರತೈತೇನು?'

ಬರುತ್ತದೆ, ಲ್ಯಾಪ್‌ಟಾಪ್ ಚುಚ್ಚಿ ಮಾಡಿಕೊಡುವವರೂ ಇದ್ದಾರೆ, ಆದರೆ ವಾರಂಟಿ ಹೋಗುತ್ತದೆ, ಮಾಡಿಸಬೇಡಿ ಎಂದು ಬಿಡಿಸಿ ಹೇಳಿದೆ. ಕಾಕಾ ಅರ್ಧ ಮಾತಿಗೇ ಮೊಬೈಲ್ ತೆಗೆದು ಮಗನಿಗೆ ಹಚ್ಚಿದ್ದರು. 'ಏ, ಎಲ್ಲಿದ್ದೀಯಪಾ? ಹುಬ್ಬಳ್ಳಿಗೆ ಹೋದಾಗ ಎರಡ ಡಿಗ್ರಿ ಮುಂದ ಇಡಿಸ್ಕೊಂಡ ಬಾ. ಇಲ್ಲೇ ಮೆಕ್ಯಾನಿಕ್ ಹೇಳಾಕ ಹತ್ಯಾನು, ಆಕೈತಂತ.'